ಬಾಟಲಿಯ ಗೆರೆಗೆ ಸಿಗದ ಹಾಲು

ಹೆರಿಗೆಯಾಗಿ ಮೂರನೇ ದಿನ. ಮಗು ಒಂದೇ ಸಮನೆ ಅಳುತ್ತದೆ. ಮೊಲೆಗೆ ಹಾಕಿದರೆ ನಾಲ್ಕು ಸಲ ಚೀಪಿ ಬಿಟ್ಟುಬಿಡುತ್ತದೆ. ಬಾಣಂತಿಗೆ ಸಿಸೇರಿಯನ್ ಹೊಲಿಗೆ ಎಳೆಯುತ್ತಿರುತ್ತದೆ, ಮಗ್ಗುಲಾಗಲೂ ಕಷ್ಟ. ನೋಡಲು ಬಂದವರಲ್ಲಿ ಒಬ್ಬರಾದರೂ ಹೇಳದೆ ಹೋಗುವುದಿಲ್ಲ: ‘ಹಾಲು ಸಾಲ್ದು ಕಣವ್ವ, ಅದ್ಕೇ ಮಗ ಹಿಂಗ್ ಅಳ್ತದೆ.’ ಹಿಂದೆಲ್ಲ ಈ ಮಾತಿನ ಬೆನ್ನಿಗೆ ಹಸುವಿನ ಹಾಲೋ ಪುಡಿ ಹಾಲಿನ ಡಬ್ಬಿಯೋ ಬರುತ್ತಿತ್ತು. ಈಗ ಅದಕ್ಕೂ ಮೊದಲು ಇನ್ನೊಂದು ಸಾಮಾನು ಬರುತ್ತದೆ. ಮಗುವಿನ ಅಪ್ಪ ಬೈಕ್ ಹತ್ತಿ ಮೆಡಿಕಲ್ ಸ್ಟೋರಿಗೆ ಹೋಗುತ್ತಾನೆ, ಇಲ್ಲವೇ ಬೆಂಗಳೂರಿನಲ್ಲಿರುವ ನಾದಿನಿ ಮೊಬೈಲಿನಲ್ಲೇ ಆರ್ಡರ್ ಹಾಕುತ್ತಾಳೆ. ಬ್ರೆಸ್ಟ್ ಪಂಪ್ ಮನೆಗೆ ಬರುತ್ತದೆ.

ಮದ್ದೂರಿಗೂ ಮಳವಳ್ಳಿಗೂ ನಡುವೆ ಇರುವ ಭಾರತೀನಗರದಲ್ಲಿ ಈಗ ಇದು ಬೆರಗಿನ ಸಂಗತಿಯೇನಲ್ಲ. ಸುತ್ತಲಿನವರು ಕೆ.ಎಂ. ದೊಡ್ಡಿ ಎಂದೇ ಕರೆಯುವ ಈ ಊರು ಹಳ್ಳಿಯೂ ಹೌದು, ಪಟ್ಟಣವೂ ಹೌದು. ಸಕ್ಕರೆ ಕಾರ್ಖಾನೆ, ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಗಳು, ಆಸ್ಪತ್ರೆ, ಫಾರ್ಮಸಿ ಕಾಲೇಜು ಎಲ್ಲವೂ ಇಲ್ಲಿವೆ. ಇಲ್ಲಿನ ಹೆಣ್ಣುಮಕ್ಕಳಲ್ಲಿ ಕೆಲವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ, ಇನ್ನು ಕೆಲವರು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ, ಮತ್ತೆ ಕೆಲವರು ಕಬ್ಬಿನ ಗದ್ದೆಯಲ್ಲಿದ್ದಾರೆ. ಮೂವರೂ ಹೆರಿಗೆಗೆ ತವರಿಗೇ ಬರುತ್ತಾರೆ. ಪಂಪು ಈ ಮೂವರ ಬದುಕಿಗೂ ಒಂದೇ ಅರ್ಥದಲ್ಲಿ ಬಂದಿಲ್ಲ ಎಂಬುದು ಈ ಲೇಖನದ ತಕರಾರು. ತಾಯಿ ಮಗು ದೂರ ಇರಲೇಬೇಕಾದಾಗ ಪಂಪು ದೊಡ್ಡ ಉಪಕಾರಿ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿರುವಾಗ ಅದು ಹಾಲು ತೆಗೆಯುವ ಕೆಲಸಕ್ಕಿಂತ ಹಾಲು ಅಳೆಯುವ ಕೆಲಸವನ್ನೇ ಹೆಚ್ಚು ಮಾಡುತ್ತದೆ. ಆ ಅಳತೆಯೋ, ತಪ್ಪು.

ಪಂಪಿನ ಬಾಟಲಿಯ ಮೇಲೆ ಗೆರೆಗಳಿರುತ್ತವೆ: 30, 60, 90 ಎಂ.ಎಲ್. ಮೂರನೇ ದಿನ ಇಪ್ಪತ್ತು ನಿಮಿಷ ಒತ್ತಿದರೂ ಬಾಟಲಿಯ ತಳ ನೆನೆಯುವಷ್ಟು ಮಾತ್ರ ಬರುತ್ತದೆ. ಅನುಮಾನವಾಗಿದ್ದದ್ದು ಆಗ ಸಾಕ್ಷಿಯಾಗಿ ನಿಲ್ಲುತ್ತದೆ: ನೋಡಿ, ಹಾಲಿಲ್ಲ. ಆದರೆ ಆ ದಿನಗಳಲ್ಲಿ ಬರಬೇಕಾದದ್ದೇ ಅಷ್ಟು. ಹುಟ್ಟಿದ ದಿನ ಮಗುವಿನ ಹೊಟ್ಟೆ ಹಿಡಿಯುವುದು ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಮೊದಲ ಹಾಲು ಹಳದಿ, ಅಂಟಂಟು, ಹನಿ ಹನಿ. ಯಂತ್ರದ ಕೊಳವೆ, ವಾಲ್ವ್, ಬಾಟಲಿಯ ಕತ್ತಿಗೆ ಅಂಟಿಕೊಂಡೇ ಅದರ ಅರ್ಧ ಹೋಗಿಬಿಡುತ್ತದೆ. ಮಾಸು ಹೊರಬಿದ್ದ ಮೇಲೆ ತಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಇಳಿದು ಹಾಲು ತುಂಬಿಕೊಳ್ಳಲು ಎರಡು ಮೂರು ದಿನ ಬೇಕು. ಸಿಸೇರಿಯನ್ ಆಗಿದ್ದರೆ ಇನ್ನೂ ಒಂದು ದಿನ ತಡವಾಗುವುದುಂಟು. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಶೇ 31.5ರಷ್ಟು ಸಿಸೇರಿಯನ್. ಇಡೀ ದೇಶದಲ್ಲಿ ಶೇ 88.6ರಷ್ಟು ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟಿದರೂ ಒಂದು ಗಂಟೆಯೊಳಗೆ ಮೊಲೆಗೆ ಹತ್ತಿದವು ಶೇ 41.8 ಮಾತ್ರ. ಅಂದರೆ ಹಾಲು ಶುರುವಾಗಬೇಕಾದ ಹೊತ್ತಿನಲ್ಲಿ ಡಾಕ್ಟರು, ನರ್ಸು ಪಕ್ಕದಲ್ಲೇ ಇದ್ದರೂ ಮಗು ತಾಯಿಯ ಎದೆಗೆ ಹೋಗುತ್ತಿಲ್ಲ. ಮನೆಗೆ ಬಂದ ಮೇಲೆ ಪಂಪು ಆ ಕೊರತೆ ತುಂಬಬೇಕು ಎಂದು ನಿರೀಕ್ಷಿಸುತ್ತೇವೆ.

ಹಾಲು ಚೆನ್ನಾಗಿ ಇಳಿದ ಮೇಲೂ ಬಾಟಲಿಯ ಗೆರೆ ನಿಜ ಹೇಳುವುದಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ಸಂಶೋಧಕರು ಬರೀ ಎದೆಹಾಲು ಕುಡಿಯುವ, ಒಂದರಿಂದ ಆರು ತಿಂಗಳ 71 ಮಕ್ಕಳನ್ನು ಪ್ರತಿ ಸಲ ಕುಡಿಯುವ ಮೊದಲು, ಕುಡಿದ ಮೇಲೆ ತೂಗಿ ಲೆಕ್ಕ ಹಾಕಿದರು. 2006ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಮಗುವೊಂದು ದಿನಕ್ಕೆ ಕುಡಿದದ್ದು ಸರಾಸರಿ 788 ಗ್ರಾಂ. ಆದರೆ ಒಂದು ಮಗು 478 ಗ್ರಾಂನಲ್ಲಿ ಬೆಳೆಯುತ್ತಿತ್ತು, ಇನ್ನೊಂದು 1,356 ಗ್ರಾಂ ಕುಡಿಯುತ್ತಿತ್ತು. ಒಂದು ದಿನಕ್ಕೆ ಆರು ಸಲ ಕುಡಿದ ಮಗುವೂ ಇತ್ತು, ಹದಿನೆಂಟು ಸಲ ಕುಡಿದದ್ದೂ ಇತ್ತು. ಎಲ್ಲವೂ ಆರೋಗ್ಯವಾಗಿಯೇ ಇದ್ದವು. ಇನ್ನೊಂದು ಮಾತು, ಮಕ್ಕಳು ಎದೆಯನ್ನು ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಇದ್ದ ಹಾಲಿನಲ್ಲಿ ಸರಾಸರಿ ಮೂರರಲ್ಲಿ ಎರಡು ಪಾಲು ಕುಡಿದು ಬಿಡುತ್ತಿದ್ದವು. ಹೀಗಿರುವಾಗ ಒಂದು ಬೆಳಿಗ್ಗೆ ಪಂಪಿನಲ್ಲಿ 40 ಎಂ.ಎಲ್. ಬಂತೆಂದರೆ ಅದರಿಂದ ತಿಳಿಯುವುದು ಆ ಹೊತ್ತಿನಲ್ಲಿ ಆ ಯಂತ್ರಕ್ಕೆ 40 ಎಂ.ಎಲ್. ಸಿಕ್ಕಿತು ಎಂದಷ್ಟೇ.

ಹಸು ಕಟ್ಟಿದ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕರು ಬಿಟ್ಟು ನಾಲ್ಕು ಸಲ ಚೀಪಿಸಿದ ಮೇಲೆಯೇ ಹಸು ಸೊರೆ ಬಿಡುತ್ತದೆ. ಗದರಿದರೆ, ಹೊಸಬರು ಕೂತರೆ ಕೆಚ್ಚಲಲ್ಲಿ ಹಾಲಿದ್ದರೂ ಬಿಡುವುದಿಲ್ಲ. ತಾಯಿಯಲ್ಲೂ ಹಾಲು ಹರಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಮಗುವಿನ ಅಳು, ಮೈವಾಸನೆ, ಚೀಪುವಿಕೆಗೆ ಅದು ಏಳುತ್ತದೆ. ನೋವು, ಅವಮಾನ, ಗಾಬರಿಗೆ ಅಡಗುತ್ತದೆ. ಅತ್ತೆ, ನಾದಿನಿ, ಪಕ್ಕದ ಮನೆಯವರು ಸುತ್ತ ಕೂತು ‘ಎಷ್ಟು ಬಂತು, ಎಷ್ಟು ಬಂತು’ ಎಂದು ಬಾಟಲಿ ನೋಡುತ್ತಿದ್ದರೆ ಹಾಲು ಹೇಗೆ ಬಂದೀತು?

ಹಾಲು ತಯಾರಾಗುವ ಲೆಕ್ಕ ಸರಳ. ಎಷ್ಟು ಹೊರಹೋಗುತ್ತದೋ ಅಷ್ಟು ಹುಟ್ಟುತ್ತದೆ. ಎದೆಯಲ್ಲೇ ನಿಂತರೆ ‘ಸಾಕು’ ಎಂಬ ಸೂಚನೆ ಒಳಗಿಂದಲೇ ಹೋಗಿ ಉತ್ಪತ್ತಿ ಇಳಿಯುತ್ತದೆ. ಪಂಪಿನ ಬಾಟಲಿ ನೋಡಿ ಹೆದರಿದ ಮನೆಯವರು ಪುಡಿ ಹಾಲು ಕಲಸುತ್ತಾರೆ, ಹೊಟ್ಟೆ ತುಂಬಿದ ಮಗು ನಾಲ್ಕು ಗಂಟೆ ನಿದ್ದೆ ಹೋಗುತ್ತದೆ, ಅಷ್ಟು ಹೊತ್ತು ಎದೆಯಲ್ಲಿ ಹಾಲು ನಿಲ್ಲುತ್ತದೆ, ಮಾರನೇ ದಿನ ಇನ್ನೂ ಕಡಿಮೆ ಬರುತ್ತದೆ. ‘ಸಾಲದು’ ಎಂಬ ಸುಳ್ಳು ವಾರದೊಳಗೆ ನಿಜವಾಗುವುದು ಹೀಗೆ. ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಬೇರೆ ಲೆಕ್ಕಗಳಿವೆ, ಅವು ಹಳೆಯವೂ ಹೌದು ಸರಿಯಾದವೂ ಹೌದು. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ತುಸು ಇಳಿದು ಎರಡು ವಾರದೊಳಗೆ ಮತ್ತೆ ಮುಟ್ಟಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಅವರ ಚೀಲದಲ್ಲಿರುವ ತಕ್ಕಡಿ ಪಂಪಿನ ಬಾಟಲಿಗಿಂತ ನಂಬಿಕಸ್ಥ ಸಾಕ್ಷಿ. ತೂಕ ಏರದೆ ಹೋದರೆ, ಮಗು ಮಂಪರಾಗಿಯೇ ಇದ್ದರೆ ಆಗ ಅದು ಡಾಕ್ಟರ ಕೆಲಸ. ‘ನೋಡೋಣ’ ಎಂದು ಕೂರುವಂತಿಲ್ಲ.

ಇದರ ಅರ್ಥ ಹಾಲು ಹಿಂಡಲೇಬಾರದು ಎಂದಲ್ಲ. ಹುಟ್ಟಿ 12ರಿಂದ 36 ಗಂಟೆಯಾದ, ಸರಿಯಾಗಿ ಚೀಪದ ಮಕ್ಕಳ 68 ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ತಾಯಂದಿರಿಗೆ ಎಲೆಕ್ಟ್ರಿಕ್ ಪಂಪು ಕೊಟ್ಟರು, ಉಳಿದವರಿಗೆ ಕೈಯಿಂದ ಹಿಂಡಲು ಕಲಿಸಿದರು. ಎರಡು ತಿಂಗಳ ಬಳಿಕ ಕೈಯಿಂದ ಹಿಂಡಿದವರಲ್ಲಿ ಶೇ 96ರಷ್ಟು ಮಂದಿ ಇನ್ನೂ ಎದೆಹಾಲು ಕೊಡುತ್ತಿದ್ದರು, ಪಂಪು ಹಿಡಿದವರಲ್ಲಿ ಶೇ 73. ಸಣ್ಣ ಅಧ್ಯಯನ, ಇದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ 2016ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ಪರಿಶೀಲನೆಯೂ ಅದೇ ದಿಕ್ಕಿನಲ್ಲಿದೆ: ಬಿಸಿ ಶಾಖ, ಮೃದುವಾಗಿ ನೀವುವುದು, ನೆಮ್ಮದಿಯಾಗಿ ಕೂರುವುದು, ಕೈಯಿಂದ ಹಿಂಡುವುದು ಇಂಥ ಖರ್ಚಿಲ್ಲದ ಉಪಾಯಗಳು ಕೆಲವು ಸಂದರ್ಭಗಳಲ್ಲಿ ದೊಡ್ಡ ಎಲೆಕ್ಟ್ರಿಕ್ ಪಂಪಿಗೆ ಸಮ, ಕೆಲವೊಮ್ಮೆ ಅದಕ್ಕಿಂತ ಮೇಲು.

ಕೈಯಿಂದ ಹಿಂಡುವುದನ್ನು ಐದು ನಿಮಿಷದಲ್ಲಿ ಕಲಿಯಬಹುದು. ಸೋಪಿನಲ್ಲಿ ಕೈ ತೊಳೆದು, ಹೆಬ್ಬೆರಳು ತೊಟ್ಟಿನ ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಒಂದಂಗುಲದಷ್ಟು ಹಿಂದೆ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಹತ್ತಿರ ತಂದು ಅಮುಕಿ, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದೆ ಇರಬಹುದು. ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ. ಬೆರಳ ಜಾಗವನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬದಲಿಸುತ್ತ ಸುತ್ತಲಿನ ಹಾಲು ತೆಗೆಯಬೇಕು. ಮೊದಲ ದಿನದ ನಾಲ್ಕು ಹನಿಯಾದರೆ ಚಮಚಕ್ಕೇ ಹಿಂಡಿ ಮಗುವಿನ ಬಾಯಿಗೆ ಬಿಡಬಹುದು, ಒಂದು ಹನಿಯೂ ಕೊಳವೆಗೆ ಅಂಟಿ ಹಾಳಾಗುವುದಿಲ್ಲ.

ಅಜ್ಜಿಯರಿಗೆ ಇದು ಗೊತ್ತಿಲ್ಲವೆಂದೇನಲ್ಲ. ಹಾಲು ಕಟ್ಟಿಕೊಂಡು ಎದೆ ಕಲ್ಲಾದಾಗ ಬಿಸಿನೀರ ಬಟ್ಟೆ ಇಟ್ಟು ಹಿಂಡಿ ತೆಗೆಯುವುದನ್ನು ಅವರು ಮಾಡಿದ್ದಾರೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಬಡಿಸುತ್ತಾ ಪಕ್ಕದಲ್ಲಿ ಕೂತು ಧೈರ್ಯ ಹೇಳುವುದರಲ್ಲಿ ಹಾಲಿಗೆ ಬೇಕಾದದ್ದು ಬಹಳ ಇದೆ. ಹಾಗೆಂದು ಬಾಣಂತನದ ಎಲ್ಲವನ್ನೂ ಹೊಗಳಲಾರೆ. ಶೀತವಾಗುತ್ತದೆಂದು ಬಾಣಂತಿಗೆ ನೀರೇ ಕೊಡದ ಮನೆಗಳಿವೆ. ಹಸು ಈದಾಗ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಊರಿಗೆಲ್ಲ ಹಂಚುವ ನಾವೇ ತಾಯಿಯ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿದ್ದೂ ಉಂಟು. ಆ ಮಟ್ಟಿಗೆ ಮೂರನೇ ದಿನ ಪಂಪು ತರುವ ಅಪ್ಪನನ್ನು ಒಬ್ಬನನ್ನೇ ಬೈದು ಉಪಯೋಗವಿಲ್ಲ.

ಇನ್ನು, ಪಂಪು ಎಂದರೆ ಸಾವಿರಾರು ರೂಪಾಯಿಯ ಯಂತ್ರವೇ ಆಗಬೇಕೆಂದೂ ಇಲ್ಲ. ಈ ಮಾತಿಗೆ ಕರ್ನಾಟಕದಲ್ಲೇ ಒಂದು ಸೊಗಸಾದ ಆಧಾರ ಇದೆ. ಕೆಲವು ತಾಯಂದಿರ ಮೊಲೆತೊಟ್ಟು ಒಳಕ್ಕೆ ಎಳೆದುಕೊಂಡಿರುತ್ತದೆ. ಮಗುವಿನ ಬಾಯಿಗೆ ಸಿಗುವುದಿಲ್ಲ. ‘ಇವಳಿಗೆ ಹಾಲು ಕುಡಿಸಲು ಆಗುವುದಿಲ್ಲ’ ಎಂದು ಬಾಟಲಿ ಹಿಡಿಸಿಬಿಡುವುದೇ ರೂಢಿ. ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಮಕ್ಕಳ ವೈದ್ಯರಾದ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಮತ್ತು ಸಂಗಡಿಗರು ಇದಕ್ಕೆ ಆಸ್ಪತ್ರೆಯಲ್ಲಿ ಎಲ್ಲೆಂದರಲ್ಲಿ ಸಿಗುವ ಪ್ಲಾಸ್ಟಿಕ್ ಸಿರಿಂಜನ್ನೇ ಮದ್ದು ಮಾಡಿದರು. ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಬೇಕು. ಒಳಗಿನ ದಂಡವನ್ನು ಹೊರಗೆಳೆದು, ಕತ್ತರಿಸಿದ ಒರಟು ತುದಿಯ ಕಡೆಯಿಂದ ಮತ್ತೆ ತೂರಿಸಬೇಕು. ಆಗ ಕಾರ್ಖಾನೆಯಿಂದಲೇ ನುಣುಪಾಗಿ ಬಂದ ಇನ್ನೊಂದು ತುದಿ ತೆರೆದು ಉಳಿಯುತ್ತದೆ. ಅದನ್ನು ತೊಟ್ಟಿನ ಮೇಲೆ ಕೂರಿಸಿ ದಂಡವನ್ನು ನಿಧಾನವಾಗಿ ಎಳೆದರೆ ತೊಟ್ಟು ಹೊರಕ್ಕೆ ಬರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಹಿಡಿದು, ಬಿಟ್ಟು, ಕೂಡಲೇ ಮಗುವನ್ನು ಹಾಕಬೇಕು. ನೋವಾದರೆ ದಂಡವನ್ನು ತುಸು ಒಳಕ್ಕೆ ತಳ್ಳಿದರಾಯಿತು, ಹಿಡಿತ ತಾಯಿಯ ಕೈಯಲ್ಲೇ ಇರುತ್ತದೆ.

1993ರಲ್ಲಿ ‘ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್’ ಪತ್ರಿಕೆಯಲ್ಲಿ ಅವರು ಬರೆದದ್ದು ಎಂಟು ತಾಯಂದಿರ ಕಥೆ. ಒಂದರಿಂದ ಮೂರು ತಿಂಗಳ ಆಸುಪಾಸಿನ ಮಕ್ಕಳು, ತೂಕ ಏರದೆ, ಹಾಲು ಹಿಡಿಯದೆ ಆಸ್ಪತ್ರೆಗೆ ಬಂದವು. ಎಂಟರಲ್ಲಿ ಏಳು ಮಂದಿ ಮೊಲೆ ಕುಡಿಸಲು ಶಕ್ತರಾದರು. ಆ ಸಣ್ಣ ಬರಹವನ್ನು ಪ್ರಪಂಚದ ಹಾಲೂಡಿಕೆ ತಜ್ಞರು ಇವತ್ತಿಗೂ ಉಲ್ಲೇಖಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿ ಪಾಠಗಳಲ್ಲೂ ಸಿರಿಂಜಿನ ಉಪಾಯ ಇದೆ. ಬೆಲೆಯೋ, ಕೆಲವು ರೂಪಾಯಿ. ಗಮನಿಸಬೇಕಾದದ್ದು, ಈ ಪಂಪು ಹಾಲು ತೆಗೆಯುವುದಿಲ್ಲ. ತೊಟ್ಟನ್ನು ಹೊರತಂದು, ಮಗು ಬಾಯಿ ಹಾಕಿದ ಕೂಡಲೇ ಪಕ್ಕಕ್ಕೆ ಸರಿಯುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಪಂಪಿನ ಲಕ್ಷಣ ಇದೇ.

ಯಂತ್ರದ ಪಂಪು ಅನಿವಾರ್ಯವಾಗುವ ಜಾಗವೂ ಇದೆ. ತಿಂಗಳು ತುಂಬದೆ ಹುಟ್ಟಿದ ಮಗು. 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬಾರದು. ಮಗು ನವಜಾತ ಶಿಶು ಘಟಕದ ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ವಾರ್ಡಿನಲ್ಲಿ. ಆ ಮಗುವಿಗೆ ಎದೆಹಾಲು ಊಟಕ್ಕಿಂತ ಹೆಚ್ಚಾಗಿ ಔಷಧಿ. ಕರುಳು ಕೊಳೆಯುವ ಭೀಕರ ಕಾಯಿಲೆಯೊಂದನ್ನು ಅದು ಗಣನೀಯವಾಗಿ ತಡೆಯುತ್ತದೆ. ತಾಯಿ ಹೆತ್ತ ಕೆಲವೇ ಗಂಟೆಗಳಲ್ಲಿ ಹಿಂಡಲು ತೊಡಗಿ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಹತ್ತು ಸಲ ತೆಗೆಯದಿದ್ದರೆ, ಮಗು ಚೀಪಲು ಕಲಿಯುವ ಹೊತ್ತಿಗೆ ಹಾಲೇ ಬತ್ತಿರುತ್ತದೆ. ಇಷ್ಟನ್ನು ವಾರಗಟ್ಟಲೆ ಬರೀ ಕೈಯಲ್ಲಿ ಮಾಡುವುದು ಕಷ್ಟ. ಅಮೆರಿಕದ ವೈದ್ಯೆ ಜೇನ್ ಮಾರ್ಟನ್ ತಂಡ 2009ರಲ್ಲಿ ತೋರಿಸಿದಂತೆ ಪಂಪಿನ ಜೊತೆಗೆ ಕೈಯಿಂದಲೂ ನೀವಿ ಹಿಂಡಿದರೆ ಹಾಲು ಇನ್ನೂ ಹೆಚ್ಚುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ಕೇಂದ್ರಗಳಿರಬೇಕೆಂದು ಹೇಳುತ್ತದೆ. ಪಂಪಿಗೆ ಹಣ ಹಾಕುವುದಾದರೆ ಮೊದಲು ಅಲ್ಲಿ ಹಾಕಬೇಕು.

ಪಂಪಿನಿಂದ ತೆಗೆದ ಹಾಲು ಇನ್ನೊಬ್ಬರ ಮಗುವಿಗೂ ಹೋಗಬಹುದು ಎಂಬುದು ಈ ಯಂತ್ರ ತಂದ ಇನ್ನೊಂದು ಬದಲಾವಣೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ತೆರೆದರು. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ ಶುರುವಾದದ್ದು 2022ರಲ್ಲಿ. ದಾನಿ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಟ್ಟು, ತೂಕ ಕಡಿಮೆಯಿರುವ ಮಕ್ಕಳಿಗೆ ಕೊಡುತ್ತಾರೆ. ಹಾಲು ಬಾಟಲಿಗೆ ಬಂದ ಮೇಲೆ ಅದಕ್ಕೆ ಬೆಲೆ ಕಟ್ಟುವವರೂ ಬಂದರು. ಕೊನೆಗೆ 2024ರ ಮೇ 24ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಮನುಷ್ಯರ ಹಾಲು ಮಾರುವಂತಿಲ್ಲ, ಅದಕ್ಕೆ ಲೈಸೆನ್ಸ್ ಕೊಡುವಂತಿಲ್ಲ ಎಂದು ಸುತ್ತೋಲೆ ಹೊರಡಿಸಬೇಕಾಯಿತು.

ಇಷ್ಟೆಲ್ಲ ಬದಲಾವಣೆಯ ತವರು ಅಮೆರಿಕ. ಹಾಲು ಸೆಳೆಯುವ ಸಾಧನಕ್ಕೆ ಅಲ್ಲಿ 1854ರಲ್ಲೇ ಪೇಟೆಂಟ್ ಸಿಕ್ಕಿತ್ತು. 1920ರ ದಶಕದಲ್ಲಿ ಇನ್ನೊಂದನ್ನು ರೂಪಿಸಿದವನು ಎಡ್ವರ್ಡ್ ಲಾಸ್ಕರ್, ಹೆಸರಾಂತ ಚೆಸ್ ಆಟಗಾರ! 1956ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ತೊಟ್ಟಿಗೆ ಗಾಯವಾಗದಂತೆ ಎಳೆದು ಬಿಡುವ ಯಂತ್ರ ತಂದ. ಅದು ಆಸ್ಪತ್ರೆಗೆ ಮಾತ್ರ. 1990ರ ದಶಕದಲ್ಲಿ ಎಲೆಕ್ಟ್ರಿಕ್ ಪಂಪು ಹೆಗಲ ಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಮನೆ, ಕಚೇರಿಗೆ ಬಂದ ಮೇಲೆ ಕಥೆ ಬದಲಾಯಿತು. 2005ರಿಂದ 2007ರವರೆಗಿನ ಒಂದು ಸಮೀಕ್ಷೆಯಲ್ಲಿ ಎಳೆಮಕ್ಕಳಿಗೆ ಎದೆಹಾಲು ಕೊಡುತ್ತಿದ್ದ ಅಮೆರಿಕನ್ ತಾಯಂದಿರಲ್ಲಿ ಶೇ 85 ಮಂದಿ ಹಾಲು ಹಿಂಡಿಟ್ಟಿದ್ದರು. 2011ರಲ್ಲಿ ಕ್ಯಾಥ್ಲೀನ್ ರಾಸ್ಮುಸೆನ್ ಮತ್ತು ಶೀಲಾ ಗೆರಾಟಿ ಎಂಬ ಸಂಶೋಧಕಿಯರು ಇದನ್ನು ಸದ್ದಿಲ್ಲದ ಕ್ರಾಂತಿ ಎಂದು ಕರೆದು, ಮೊಲೆ ಕುಡಿಸುವುದು ಮತ್ತು ಹಿಂಡಿದ ಎದೆಹಾಲು ಕೊಡುವುದು ಎರಡೂ ಒಂದೇ ಎಂದುಕೊಂಡು ಲೆಕ್ಕ ಬರೆಯುವುದು ಸರಿಯೇ ಎಂದು ಕೇಳಿದರು.

ಅಲ್ಲಿ ಅಷ್ಟು ಪಂಪು ಯಾಕೆ? ಸಂಬಳ ಸಹಿತ ಹೆರಿಗೆ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನು ಅಮೆರಿಕದಲ್ಲಿ ಇವತ್ತಿಗೂ ಇಲ್ಲ. 1993ರ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ, ಅದೂ ಎಲ್ಲರಿಗೂ ಅಲ್ಲ. 2010ರ ಆರೋಗ್ಯ ಕಾಯ್ದೆಯಿಂದ ವಿಮೆಯಲ್ಲೇ ಪಂಪು ಸಿಗುವಂತಾಯಿತು, 2022ರ ಇನ್ನೊಂದು ಕಾಯ್ದೆ ಕೆಲಸದ ಜಾಗದಲ್ಲಿ ಹಿಂಡಲು ಹೊತ್ತು, ಜಾಗ ಸಿಗುವ ಹಕ್ಕನ್ನು ಇನ್ನಷ್ಟು ಮಂದಿಗೆ ವಿಸ್ತರಿಸಿತು. ಮಗುವಿನ ಜೊತೆ ಇರಲು ಬಿಡದ ದೇಶ ಪಂಪನ್ನು ಕೈಗೆ ಕೊಟ್ಟಿತು. ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಮಗಳ ಬಾಣಂತನಕ್ಕೆ ಹೋಗಿಬಂದ ನಮ್ಮ ಕಡೆಯ ಅಮ್ಮಂದಿರು ಅಲ್ಲಿನ ಫ್ರೀಜರಿನಲ್ಲಿ ದಿನಾಂಕ ಬರೆದ ಹಾಲಿನ ಚೀಲಗಳ ಸಾಲನ್ನು ನೋಡಿ ಬೆರಗಾಗುತ್ತಾರೆ. ಆ ಸಾಲಿನ ಹಿಂದಿರುವುದು ಆ ದೇಶದ ರಜೆ ನಿಯಮ.

ನಮ್ಮಲ್ಲಿ ರಜೆ ಇದೆ, ಕಾಗದದಲ್ಲಿ ಚೆನ್ನಾಗಿಯೇ ಇದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆರು ತಿಂಗಳು ಬರೀ ಎದೆಹಾಲು ಎಂಬ ಸಲಹೆಗೆ ಸರಿಯಾಗಿ ಹೊಂದುತ್ತದೆ ಎನಿಸುತ್ತದೆ. ಆದರೆ ಹೆರಿಗೆಗೆ ಎಂಟು ವಾರ ಮೊದಲೇ ರಜೆ ಶುರು ಮಾಡಿದವಳಿಗೆ ಹೆತ್ತ ಮೇಲೆ ಉಳಿಯುವುದು 18 ವಾರ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ತುಂಬು ಬಸುರಿ ಕೊನೆಯ ವಾರದವರೆಗೆ ದುಡಿಯಲು ಸಾಧ್ಯವೇ? ಹಾಗಾಗಿ ಮಗುವಿಗೆ ನಾಲ್ಕು ನಾಲ್ಕೂವರೆ ತಿಂಗಳಾಗುವಷ್ಟರಲ್ಲಿ ಅವಳು ಮತ್ತೆ ಬಸ್ಸು ಹತ್ತಬೇಕು. ಕಬ್ಬಿನ ಗದ್ದೆಯ ಕೂಲಿಯವಳಿಗೆ ಈ ರಜೆಯೂ ಇಲ್ಲ. ವಿಚಿತ್ರವೆಂದರೆ ಅವಳಿಗೆ ಪಂಪಿನ ಅಗತ್ಯವೂ ಇಲ್ಲ: ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿದ ಮಗು ಅತ್ತಾಗ ಎದ್ದುಹೋಗಿ ಕುಡಿಸಬಲ್ಲಳು. ಅವಳಿಗೆ ಬೇಕಾದದ್ದು ಆ ಬಿಸಿಲಿನಲ್ಲಿ ಮಗುವನ್ನು ಇಡಲು ಒಂದು ತಂಪಾದ ಕೋಣೆ. 2023ರ ರಾಜ್ಯ ಬಜೆಟ್ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿದ್ದು ಅದಕ್ಕೇ.

ದುಡಿಯಲು ಹೋಗುವವಳ ಹಾಲು ಮನೆಯಲ್ಲಿ ಮಗುವಿನ ಬಾಯಿ ಸೇರುವ ದಾರಿಯಲ್ಲಿ ತೊಡಕುಗಳು ಹಲವು. ಹಿಂಡಿದ ಹಾಲು 25 ಡಿಗ್ರಿಯವರೆಗಿನ ತಂಪಿನಲ್ಲಿ ನಾಲ್ಕು ಗಂಟೆ ಇರುತ್ತದೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ. ಬಾಗಿಲಿನ ಕಪಾಟಿನಲ್ಲಿ ಇಡಬಾರದು. ಏಪ್ರಿಲ್ ತಿಂಗಳ ಮಂಡ್ಯದಲ್ಲಿ 25 ಡಿಗ್ರಿ ಎಲ್ಲಿ ಹುಡುಕುವುದು, ಕರೆಂಟು ಹೋದರೆ ಏನು ಮಾಡುವುದು ಎಂಬುದನ್ನು ಡಬ್ಬದ ಮೇಲಿನ ಸೂಚನೆ ಹೇಳುವುದಿಲ್ಲ. ತೊಳೆಯುವುದಂತೂ ಇನ್ನೊಂದು ಕೆಲಸ. 2016ರಲ್ಲಿ ಅಮೆರಿಕದಲ್ಲಿ ತಿಂಗಳು ತುಂಬದ ಮಗುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಸೋಂಕು ತಗುಲಿತು, ಆ ಕ್ರಿಮಿ ಪಂಪಿನ ಭಾಗಗಳಲ್ಲೂ ಸಿಕ್ಕಿತು. ಸಿಂಕಿನಲ್ಲಿ ಪಾತ್ರೆಗಳ ಜೊತೆ ತೊಳೆಯದೆ ಅದಕ್ಕೇ ಬೇರೆ ಬೋಗುಣಿ ಇಡಿ, ಪ್ರತಿ ಸಲ ಸೋಪಿನಲ್ಲಿ ತೊಳೆದು ಗಾಳಿಗೆ ಆರಿಸಿ, ಎಳೆ ಮಗುವಾದರೆ ದಿನಕ್ಕೊಮ್ಮೆ ಕುದಿಸಿ ಎಂಬ ಸಲಹೆ ಬಂದದ್ದು ಆಮೇಲೆ. ಅಕ್ಕನ ಪಂಪು ತಂಗಿಗೆ, ತಂಗಿಯದು ಓರಗಿತ್ತಿಗೆ ಎಂದು ಕೈ ಬದಲಾಗುವುದು ನಮ್ಮಲ್ಲಿ ಸಹಜ. ಆದರೆ ಮನೆ ಬಳಕೆಯ ಎಷ್ಟೋ ಪಂಪುಗಳ ಮೋಟರಿನ ಒಳಕ್ಕೆ ಹಾಲಿನ ತೇವ ಹೋಗದಂತೆ ತಡೆಯಿಲ್ಲ, ಅದನ್ನು ತೊಳೆಯಲೂ ಆಗುವುದಿಲ್ಲ.

ಹಾಲನ್ನು ಯಾವುದರಲ್ಲಿ ಕುಡಿಸುತ್ತೀರಿ ಎಂಬುದೂ ಮುಖ್ಯ. ಪಂಪು ಕೊಂಡರೆ ಜೊತೆಗೆ ನಿಪ್ಪಲ್ ಬಾಟಲಿ ಬರುತ್ತದೆ. 1992ರ ಕಾಯ್ದೆಯ ಪ್ರಕಾರ ಪುಡಿ ಹಾಲು, ಹಾಲಿನ ಬಾಟಲಿ, ಶಿಶು ಆಹಾರ ಇವುಗಳ ಜಾಹೀರಾತು ಮಾಡುವಂತಿಲ್ಲ. ಪಂಪು ಆ ಪಟ್ಟಿಯಲ್ಲಿಲ್ಲ. ಅದರ ನೆರಳಿನಲ್ಲಿ ಬಾಟಲಿ ಮನೆಯೊಳಗೆ ಬರುತ್ತದೆ. ಬಾಟಲಿಯಲ್ಲಿ ಹಾಲು ಸಲೀಸಾಗಿ ಸುರಿಯುತ್ತದೆ, ಅದಕ್ಕೆ ಒಗ್ಗಿದ ಮಗು ಎದೆಯಲ್ಲಿ ಕಷ್ಟಪಡಲು ಒಪ್ಪುವುದಿಲ್ಲ. ಕುಡಿಸುವವರಿಗೆ ಬಾಟಲಿ ಖಾಲಿ ಮಾಡಿಸುವ ಹಟ. 2012ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಎದೆಹಾಲನ್ನೇ ಕುಡಿದರೂ ಬಾಟಲಿಯಲ್ಲಿ ಕುಡಿದ ಮಕ್ಕಳು ಎದೆಯಿಂದ ಕುಡಿದವಕ್ಕಿಂತ ಬೇಗ ದಪ್ಪಗಾಗಿದ್ದವು. ಕೆನಡಾದ ಮಕ್ಕಳ ಮೇಲಿನ 2019ರ ಅಧ್ಯಯನ ಪಂಪು ಬಳಸುವ ತಾಯಂದಿರ ಹಾಲಿನಲ್ಲಿರುವ ಸೂಕ್ಷ್ಮಜೀವಿಗಳೇ ಬೇರೆ ಎಂದು ಕಂಡಿತು. ರಾತ್ರಿಯ ಹಾಲಿನಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಇರುತ್ತದೆ, ಹಗಲಿನದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಬಾಟಲಿಗೆ ಹೋದ ಮೇಲೆ ರಾತ್ರಿಯದು ಬೆಳಿಗ್ಗೆ, ಬೆಳಗಿನದು ರಾತ್ರಿ. ಇದರಿಂದ ಮಗು ಕೆಟ್ಟುಹೋಗುತ್ತದೆ ಎಂದು ಹೆದರಬೇಕಿಲ್ಲ. ಪುಡಿ ಹಾಲಿಗಿಂತ ಹಿಂಡಿದ ಎದೆಹಾಲು ಯಾವತ್ತೂ ಮೇಲು.

ಬಾಟಲಿಗೆ ನಮ್ಮಲ್ಲೇ ಒಂದು ಪರ್ಯಾಯ ಇದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಬೆಳ್ಳಿಯದೋ ಹಿತ್ತಾಳೆಯದೋ ಒಂದು ಒಳಲೆ ಇರುತ್ತದೆ, ಅಂಗೈಯಗಲದ ಬಟ್ಟಲಿಗೆ ಉದ್ದ ಮೂತಿ. ಮಗುವನ್ನು ತುಸು ಎತ್ತಿ ಹಿಡಿದು, ಮೂತಿಯನ್ನು ತುಟಿಗೆ ತಾಗಿಸಿ, ಗುಟುಕು ಗುಟುಕಾಗಿ ಬಿಡಬೇಕು; ಮಲಗಿಸಿ ಸುರಿದರೆ ನೆತ್ತಿಗೇರುತ್ತದೆ. ನವಜಾತ ಶಿಶು ಘಟಕಗಳಲ್ಲಿ ನರ್ಸುಗಳು ಹಿಂಡಿದ ಹಾಲು ಕುಡಿಸುವುದು ಇದರ ಸ್ಟೀಲ್ ರೂಪದಿಂದಲೇ. ಸಂದು ಗೊಂದು ಇಲ್ಲದ ಪಾತ್ರೆ, ತೊಳೆಯುವುದು ಸುಲಭ. ಸೊಸೆಯ ಪಂಪನ್ನು ಅನುಮಾನದಿಂದ ನೋಡುವ ಅತ್ತೆಗೆ ಒಳಲೆ ಕೈಗೆ ಕೊಟ್ಟರೆ ಮನೆಯ ಅರ್ಧ ಜಗಳ ನಿಲ್ಲುತ್ತದೆ ಎಂಬುದು ನನ್ನ ಅಂದಾಜು.

ಮದ್ದೂರಿನ ಬಳಿಯ ಗೆಜ್ಜಲಗೆರೆಗೆ ಬನ್ನಿ. ಹೆದ್ದಾರಿ ಪಕ್ಕದಲ್ಲಿ ಮಂಡ್ಯ ಹಾಲು ಒಕ್ಕೂಟ ಮನ್‌ಮುಲ್‌ನ ಡೇರಿ. ಜಿಲ್ಲೆಯ ಹಳ್ಳಿ ಹಳ್ಳಿಯ ಹಸುವಿನ ಹಾಲನ್ನು ಕೆಡದಂತೆ ತಂಪಾಗಿ ಇಲ್ಲಿಗೆ ಮುಟ್ಟಿಸುವ ವ್ಯವಸ್ಥೆ ದಶಕಗಳಿಂದ ಇದೆ. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಇದೆ, ಅಲ್ಲಿ ಲೈನಿನಲ್ಲಿ ಕೂತವರು ಹೆಚ್ಚಾಗಿ ಮಕ್ಕಳ ತಾಯಂದಿರು. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದಿತು, 2017ರ ತಿದ್ದುಪಡಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದಿತು. ಆದರೆ ಬೆಳಗಿನ ಜಾವದ ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಬರಲು ಯಾವ ತಾಯಿಗೂ ಮನಸ್ಸಾಗದು. ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು ಬಟ್ಟೆ ನೆನೆಯುತ್ತದೆ. ಹಿಂಡಿ ಚೆಲ್ಲಲು ಸಿಗುವುದು ಶೌಚಾಲಯ. ಪಂಪು ನಿಜವಾಗಿ ಬೇಕಾದದ್ದು ಇವಳಿಗೆ, ಕೊಳ್ಳುವ ಶಕ್ತಿ ಕಡಿಮೆ ಇರುವುದೂ ಇವಳಿಗೇ.

ನ್ಯಾಯಾಲಯಗಳು ಹಾಲುಣಿಸುವ ತಾಯಿಯ ಪರವಾಗಿಯೇ ಮಾತಾಡಿವೆ. ಹಾಲುಣಿಸುವುದು ತಾಯಿಯ ಕಸಿಯಲಾಗದ ಹಕ್ಕು ಎಂದು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಹೇಳಿದರು. ಸಾರ್ವಜನಿಕ ಜಾಗಗಳಲ್ಲಿ ಹಾಲುಣಿಸುವ ಕೋಣೆಗಳಿರಬೇಕೆಂದು 2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ತೀರ್ಪಿತ್ತಿತು. ಆದರೆ ಹೊಲಿಗೆ ಲೈನಿನವಳಿಗೆ ಬೇಕಾದದ್ದು ಚಿಲಕವಿರುವ ಒಂದು ಸಣ್ಣ ಕೋಣೆ, ಒಂದು ಪ್ಲಗ್ ಪಾಯಿಂಟು, ಕೈ ತೊಳೆಯಲು ನೀರು, ಒಂದು ಪುಟ್ಟ ಫ್ರಿಜ್ಜು ಮತ್ತು ಇಪ್ಪತ್ತು ನಿಮಿಷ. ಮೊದಲ ನಾಲ್ಕನ್ನು ಯಾವ ಮ್ಯಾನೇಜರೂ ಒಂದು ತಿಂಗಳಲ್ಲಿ ಮಾಡಿಕೊಡಬಲ್ಲ. ಐದನೆಯದು ಗಟ್ಟಿ ಸಮಸ್ಯೆ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಬರೆದಿಟ್ಟಿತು. ಆ ಬಿಡುವಿನಲ್ಲಿ ಹೊಲಿಯಬೇಕಿದ್ದ ಪೀಸುಗಳನ್ನು ಅವಳ ಗಂಟೆಯ ಟಾರ್ಗೆಟ್‌ನಿಂದ ಕಳೆಯಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.